ಬಿಸಿಲಿನ ಬೆಳೆ: ಕೂಲಿ ಯಾರಿಗೆ?

ತುಮಕೂರು ಜಿಲ್ಲೆಯ ಪಾವಗಡ ಎಂದೊಡನೆ ಬರ, ಕಡಲೆಕಾಯಿ, ಗುಳೆ ಇವು ಮೂರೇ ನೆನಪಾಗುತ್ತಿದ್ದ ಕಾಲವೊಂದಿತ್ತು. ಈಗ ಈ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಕಣ್ಣು ಹಾಯಿಸಿದಷ್ಟೂ ಸೌರ ಫಲಕಗಳೇ. 2018ರಲ್ಲಿ ಉದ್ಘಾಟನೆಗೊಂಡ ಈ ಸೌರ ಪಾರ್ಕ್ 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಆರಂಭಿಕ ದರದಲ್ಲಿ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಮಳೆಯನ್ನೇ ನೆಚ್ಚಿ ಕೈಸುಟ್ಟುಕೊಂಡಿದ್ದ ರೈತನಿಗೆ ಇದು ಸಣ್ಣ ಮಾತಲ್ಲ.

ಜಮೀನಿಲ್ಲದವರ ಕಥೆಯೇ ಬೇರೆ. ಗುತ್ತಿಗೆ ಹಣ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಹೊಲದ ಜೊತೆಗೆ ಕೆಲಸವೂ ಹೋಯಿತು. ಫಲಕ ನಿಲ್ಲಿಸುವಾಗ ಕೈತುಂಬ ಕೆಲಸ. ನಿಂತ ಮೇಲೆ ಉಳಿಯುವುದು ಫಲಕ ತೊಳೆಯುವುದು, ಹುಲ್ಲು ಸವರುವುದು, ಕಾವಲು, ಜೊತೆಗೆ ಬೆರಳೆಣಿಕೆಯ ತಂತ್ರಜ್ಞರ ಹುದ್ದೆ. ಕಲ್ಲಿದ್ದಲನ್ನು ಅಗೆಯಬೇಕು, ಸಾಗಿಸಬೇಕು, ಉರಿಸಬೇಕು. ಬಿಸಿಲಾದರೋ ಯಾರ ಹಂಗೂ ಇಲ್ಲದೆ ತಾನಾಗಿ ಬೀಳುತ್ತದೆ!

ಹಾಗಾದರೆ 'ಹಸಿರು ಉದ್ಯೋಗ' ಎಂಬುದೆಲ್ಲ ಬರೀ ಮಾತೇ? ಹಾಗೇನಿಲ್ಲ. ಆದರೆ ಅದನ್ನು ಬಯಲಿಗಿಂತ ಮನೆಯ ತಾರಸಿಯ ಮೇಲೆ ಹುಡುಕುವುದು ಲೇಸು. ದೆಹಲಿಯ ಸಿಇಇಡಬ್ಲ್ಯು ಸಂಸ್ಥೆಯ ಅಂದಾಜಿನಂತೆ, ಅಷ್ಟೇ ವಿದ್ಯುತ್ ಸಾಮರ್ಥ್ಯಕ್ಕೆ ತಾರಸಿ ಸೌರ ಘಟಕಗಳು ಬಯಲಿನ ಪಾರ್ಕ್‌ಗಳಿಗಿಂತ ಸುಮಾರು 7 ಪಟ್ಟು ಕೆಲಸ ಕೊಡುತ್ತವೆ. ಕಾರಣ ಸರಳ. ಒಂದು ಮನೆಗೆ ತೆಂಗಿನ ಮರದ ನೆರಳು, ಇನ್ನೊಂದಕ್ಕೆ ಹಳೆಯ ವೈರಿಂಗ್, ಮತ್ತೊಂದಕ್ಕೆ ಹೆಂಚಿನ ಮಾಡು. ಪ್ರತಿ ಮನೆಗೂ ಹೋಗಿ ಅಳೆಯಬೇಕು, ಜೋಡಿಸಬೇಕು, ಕೆಟ್ಟರೆ ಮತ್ತೆ ಹೋಗಬೇಕು. 1 ಕೋಟಿ ಮನೆಗಳ ಗುರಿಯೊಡನೆ ಕೇಂದ್ರ ಸರ್ಕಾರ 2024ರಲ್ಲಿ 'ಪಿಎಂ ಸೂರ್ಯ ಘರ್' ಯೋಜನೆ ಆರಂಭಿಸಿತು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಅಥವಾ ಮಗಳು ಈ ದಾರಿ ಹಿಡಿಯುವುದಾದರೆ, ಮೊದಲು ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸುವುದು ಜಾಣತನ. ಸೌರ ಕೆಲಸ ಇಳಿಮುಖವಾದರೂ ಕಾರ್ಖಾನೆ, ಪಂಪ್‌ಸೆಟ್, ಮನೆ ವೈರಿಂಗ್ ಎಲ್ಲಕ್ಕೂ ಆ ವಿದ್ಯೆ ಒದಗುತ್ತದೆ. ಸೌರ ತಂತ್ರಜ್ಞರಿಗೆಂದೇ ರೂಪಿಸಿದ 'ಸೂರ್ಯಮಿತ್ರ' ತರಬೇತಿ 600 ಗಂಟೆಗಳದು, ಅಂದರೆ ಸುಮಾರು ಮೂರು ತಿಂಗಳು. ಇಂಥದ್ದು ಐಟಿಐ ಮೇಲಿನ ಒಗ್ಗರಣೆಯೇ ಹೊರತು ಅಡುಗೆಯಲ್ಲ.

ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮುನ್ನ ಪೋಷಕರು ಕೆಲವು ಪ್ರಶ್ನೆ ಕೇಳಬೇಕು. ಹೋದ ವರ್ಷ ಕಲಿತವರು ಈಗೆಲ್ಲಿದ್ದಾರೆ? ತಿಂಗಳ ಸಂಬಳವೋ, ದಿನಗೂಲಿಯೋ? ತಾರಸಿ ಏರುವ ಹುಡುಗರಿಗೆ ಸುರಕ್ಷತಾ ಬೆಲ್ಟ್, ವಿಮೆ ಕೊಡುವವರು ಯಾರು?