ಪಿಕಪ್ ಸ್ಟಾರ್ಟ್ ಆಗದಿದ್ದರೆ ಮೊದಲು ಸದ್ದು ಕೇಳಿ, ಆಮೇಲೆ ಪಾನಾ ಹಿಡಿಯಿರಿ

ಜಳಕೋಟ: ಅಕ್ಟೋಬರ್‌ನಲ್ಲಿ ಸೋಯಾಬೀನ್ ರಾಶಿ, ಡಿಸೆಂಬರ್-ಜನವರಿಯಲ್ಲಿ ತೊಗರಿ ಕಟಾವು. ಈ ಎರಡು ಹಂಗಾಮುಗಳಲ್ಲಿ ಜಳಕೋಟ, ಉದಗೀರ, ನಿಲಂಗಾ, ಉಮರಗಾ ಭಾಗದ ಹಳ್ಳಿಗಳಿಂದ ಪಿಕಪ್ ಗಾಡಿಗಳು ನಸುಕಿನಲ್ಲೇ ಮಾರುಕಟ್ಟೆಗೆ ಹೊರಡುತ್ತವೆ. ಕೆಲವು ಗಡಿ ದಾಟಿ ಬೀದರ ಜಿಲ್ಲೆಯ ಕಮಲನಗರ, ಭಾಲ್ಕಿ ಕಡೆಗೂ ಹೋಗುತ್ತವೆ. ಚೀಲ ತುಂಬಿದ ಗಾಡಿ ಅಂಗಳದಲ್ಲೇ ನಿಂತರೆ ರೈತನಿಗೆ ಆ ದಿನದ ಸವಾಲು ತಪ್ಪುತ್ತದೆ, ಗಾಡಿ ಮಾಲೀಕನಿಗೆ ಬಾಡಿಗೆ ತಪ್ಪುತ್ತದೆ. ತಪ್ಪದೇ ಬರುವುದು ಸಾಲದ ಕಂತು ಮಾತ್ರ.

ಇಂಥ ಹೊತ್ತಿನಲ್ಲಿ ಅವಸರವೇ ಹೆಚ್ಚು ನಷ್ಟ ಮಾಡುತ್ತದೆ. ಮತ್ತೆ ಮತ್ತೆ ಕೀ ತಿರುಗಿಸಿ ಇದ್ದಷ್ಟು ಬ್ಯಾಟರಿಯನ್ನೂ ಖಾಲಿ ಮಾಡುವುದು, ನಾಲ್ಕು ಜನರನ್ನು ಸೇರಿಸಿ ತಳ್ಳಿಸುವುದು, ಕೊನೆಗೆ ಹೊಸ ಬ್ಯಾಟರಿ ತಂದು ಹಾಕಿದರೂ ಗಾಡಿ ಹೊರಡದಿರುವುದು, ಇವೆಲ್ಲ ಸಾಮಾನ್ಯವಾಗಿ ಕಂಡುಬರುವ ಸಂಗತಿಗಳು. ಆದರೆ ದೋಷ ಎಲ್ಲಿದೆ ಎಂಬುದನ್ನು ಗಾಡಿಯೇ ಹೇಳುತ್ತದೆ. ಕೀ ತಿರುಗಿಸಿದಾಗ ಬರುವ ಸದ್ದು, ದೀಪದ ಬೆಳಕು ಮತ್ತು ಸೈಲೆನ್ಸರ್‌ನ ಹೊಗೆ, ಈ ಮೂರನ್ನು ಐದು ನಿಮಿಷ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಬೇಕಾದದ್ದು ಮೂರೇ

ಈ ಭಾಗದ ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್ ಗಾಡಿಗಳು. ಪೆಟ್ರೋಲ್ ಎಂಜಿನ್‌ನಲ್ಲಿರುವಂತೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಡೀಸೆಲ್ ಎಂಜಿನ್‌ನಲ್ಲಿ ಇರುವುದಿಲ್ಲ. ಸಿಲಿಂಡರ್ ಒಳಗೆ ಗಾಳಿಯನ್ನು ಸುಮಾರು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು ನೂರಾರು ಡಿಗ್ರಿ ಕಾಯುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಸಿಂಪಡಿಸಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ತತ್ವ ಇದೇ.

ಆದ್ದರಿಂದ ಗಾಡಿ ಸ್ಟಾರ್ಟ್ ಆಗಲು ಮೂರು ಸಂಗತಿಗಳು ಬೇಕು. ಒಂದು, ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗಬೇಕು. ಎರಡು, ಗಾಳಿ ಮತ್ತು ನೀರು ಬೆರೆಯದ ಡೀಸೆಲ್ ಎಂಜಿನ್‌ಗೆ ತಲುಪಬೇಕು. ಮೂರು, ಒಳಗಿನ ಗಾಳಿ ಬೇಕಾದಷ್ಟು ಕಾಯಬೇಕು. ಎಂಜಿನ್ ನಿಧಾನವಾಗಿ ತಿರುಗಿದರೆ ಒತ್ತಡ ಸೋರಿ, ಶಾಖ ಲೋಹಕ್ಕೆ ಇಳಿದು ಹೋಗುತ್ತದೆ. ಡೀಸೆಲ್ ಗಾಡಿಗೆ ಬ್ಯಾಟರಿ ಗಟ್ಟಿಯಾಗಿರಬೇಕು ಎನ್ನುವುದು ಇದೇ ಕಾರಣಕ್ಕೆ.

ಎಂಜಿನ್ ತಿರುಗಿಸುವ ಮೋಟಾರನ್ನು ಎಲ್ಲರೂ 'ಸೆಲ್ಫ್' ಎನ್ನುತ್ತಾರೆ. ಮೊದಲು ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ ಗಾಡಿ ಸ್ಟಾರ್ಟ್ ಮಾಡಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಪದ್ಧತಿ ಬದಲಾಯಿತು.

ಯಾವ ಸದ್ದಿಗೆ ಯಾವ ದೋಷ

ಕೀ ತಿರುಗಿಸುವಾಗ ಹೆಡ್‌ಲೈಟ್ ಹಾಕಿಟ್ಟುಕೊಂಡರೆ ದೋಷ ಬೇಗ ತಿಳಿಯುತ್ತದೆ.

ಮೀಟರ್ ಬೋರ್ಡಿನಲ್ಲಿ ಒಂದು ದೀಪವೂ ಬಾರದಿದ್ದರೆ ಬ್ಯಾಟರಿಯ ಟರ್ಮಿನಲ್ ಕಳಚಿರಬಹುದು, ಮುಖ್ಯ ಫ್ಯೂಸ್ ಸುಟ್ಟಿರಬಹುದು ಅಥವಾ ಬ್ಯಾಟರಿ ಪೂರ್ತಿ ಇಳಿದಿರಬಹುದು.

ದೀಪ ಬಂದು, ಸೆಲ್ಫ್ ಹೊಡೆದೊಡನೆ ಮಂಕಾಗಿ 'ಟಕ್ ಟಕ್ ಟಕ್' ಎಂದು ಬಿಡದೆ ಸದ್ದು ಬಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲಾಗಿದೆ ಎಂದರ್ಥ. ಎಂಜಿನ್ ನರಳುತ್ತಾ ನಿಧಾನವಾಗಿ ತಿರುಗಿದರೂ ಇದೇ ಕಾರಣ ಇರಬಹುದು.

ಒಂದೇ ಸಲ 'ಟಕ್' ಎಂದು, ಹೆಡ್‌ಲೈಟ್ ಮಂಕಾಗದೆ ಉರಿಯುತ್ತಿದ್ದರೆ ದೋಷ ಹೆಚ್ಚಾಗಿ ಸೆಲ್ಫ್‌ನಲ್ಲಿದೆ. ಅದರ ಮೇಲಿನ ಸೊಲೆನಾಯ್ಡ್ ಒಳಗಿನ ಸಂಪರ್ಕ ಸುಟ್ಟಿರುತ್ತದೆ ಅಥವಾ ಕಾರ್ಬನ್ ಸವೆದಿರುತ್ತದೆ. ಇಲ್ಲಿ ಬ್ಯಾಟರಿ ಬದಲಿಸಿದರೆ ಹಣ ದಂಡ.

ದೀಪ ಸರಿಯಾಗಿದ್ದು ಯಾವ ಸದ್ದೂ ಬಾರದಿದ್ದರೆ ಕೀ ಸ್ವಿಚ್, ಸ್ಟಾರ್ಟರ್ ರಿಲೇ ಅಥವಾ ಸೆಲ್ಫ್‌ಗೆ ಹೋಗುವ ಸಣ್ಣ ವೈರ್ ನೋಡಬೇಕು. ಕ್ಲಚ್ ಪೂರ್ತಿ ಒತ್ತದಿದ್ದರೆ ಸೆಲ್ಫ್ ಹೊಡೆಯದಂತೆ ಕೆಲವು ಹೊಸ ಗಾಡಿಗಳಲ್ಲಿ ವ್ಯವಸ್ಥೆ ಇದೆ. ಕ್ಲಚ್ ಕೆಳಗೆ ಸರಿದು ಕೂತ ಮ್ಯಾಟ್ ಕೂಡ ಗಾಡಿಯನ್ನು ನಿಲ್ಲಿಸಬಲ್ಲದು.

ಮೋಟಾರು ಮಾತ್ರ 'ಘರ್ರ್' ಎಂದು ಬರಿದೇ ತಿರುಗಿ ಎಂಜಿನ್ ಅಲುಗದಿದ್ದರೆ ಸೆಲ್ಫ್‌ನ ಬೆಂಡಿಕ್ಸ್ ಹಲ್ಲು ಫ್ಲೈವೀಲ್‌ಗೆ ಕೂಡುತ್ತಿಲ್ಲ. ಇದು ಗ್ಯಾರೇಜಿನಲ್ಲಿ ಬಿಚ್ಚಿ ಮಾಡುವ ಕೆಲಸ.

ಬ್ಯಾಟರಿ ಬದಲಿಸುವ ಮುನ್ನ

ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕೂತಿದ್ದರೆ ವಿದ್ಯುತ್ ಹರಿವಿಗೆ ಅದೇ ಅಡ್ಡಿ. ಸಣ್ಣ ದೀಪಗಳಿಗೆ ಸಾಕಾಗುವ ವಿದ್ಯುತ್ತು ಹರಿದರೂ, ನೂರಾರು ಆಂಪಿಯರ್ ಬೇಡುವ ಸೆಲ್ಫ್‌ಗೆ ಅದು ಸಾಲದು. ಮೊದಲು ಮೈನಸ್ ಕಡೆಯ ವೈರ್ ಬಿಚ್ಚಬೇಕು, ಆಮೇಲೆ ಪ್ಲಸ್. ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ತೊಳೆದು, ಒರೆಸಿ, ಪಾಲಿಶ್ ಪೇಪರಿನಿಂದ ಉಜ್ಜಬೇಕು. ತೊಳೆಯುವಾಗ ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿದರೆ ಪುಡಿ ಬೇಗ ಕೂರುವುದಿಲ್ಲ.

ಮೈನಸ್ ವೈರಿನ ಇನ್ನೊಂದು ತುದಿಯನ್ನು ನೋಡುವವರು ಕಡಿಮೆ. ಅದು ಚಾಸಿಗೆ ಮತ್ತು ಎಂಜಿನ್‌ಗೆ ಬೋಲ್ಟ್ ಆಗಿರುತ್ತದೆ. ಕೆಸರು ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಆ ಜಾಗ ತುಕ್ಕು ಹಿಡಿಯುತ್ತದೆ. 'ಅರ್ಥ್' ಸರಿಯಿಲ್ಲದಿದ್ದರೆ ಹೊಸ ಬ್ಯಾಟರಿಯಿಂದಲೂ ಪ್ರಯೋಜನವಿಲ್ಲ. ಸೆಲ್ಫ್ ಹೊಡೆದ ಬಳಿಕ ವೈರಿನ ಯಾವ ಜೋಡಣೆ ಬಿಸಿಯಾಗಿದೆಯೋ ಅಲ್ಲೇ ದೋಷವಿದೆ ಎಂದು ತಿಳಿಯಬಹುದು.

ಮಲ್ಟಿಮೀಟರ್ ಇದ್ದರೆ ಲೆಕ್ಕ ಇನ್ನೂ ಸ್ಪಷ್ಟ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಬಂದರೆ ಅರ್ಧದಷ್ಟು, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.5ರವರೆಗೆ ಇರಬೇಕು. ಅಷ್ಟು ಬಾರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್‌ನದು. ಮಿಸ್ತ್ರಿಗಳು ಇಂದಿಗೂ ಅದನ್ನು 'ಡೈನಮೋ' ಎಂದೇ ಕರೆಯುತ್ತಾರೆ.

ಮರಾಠವಾಡಾದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬ್ಯಾಟರಿಯ ಆಯುಸ್ಸು ಕಳೆಯುವುದು ಆ ಬಿಸಿಲಿನಲ್ಲಿ. ಒಳಗಿನ ನೀರು ಆರಿ, ಪ್ಲೇಟ್ ಸವೆಯುತ್ತವೆ. ಆದರೆ ಅದು ಗೊತ್ತಾಗುವುದು ಚಳಿಗಾಲದ ನಸುಕಿನಲ್ಲಿ. ಆಗ ಎಂಜಿನ್ ಆಯಿಲ್ ಗಟ್ಟಿಯಾಗಿ, ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಬೇಸಿಗೆಯಲ್ಲಿ ಆಗಾಗ ನೀರು ನೋಡಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರನ್ನಾಗಲಿ ಆ್ಯಸಿಡ್ಡನ್ನಾಗಲಿ ಹಾಕಬಾರದು.

ತಿರುಗುತ್ತದೆ, ಆದರೆ ಸ್ಟಾರ್ಟ್ ಆಗದು

ಎಂಜಿನ್ ಜೋರಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಮತ್ತು ಸೆಲ್ಫ್ ಸರಿಯಾಗಿವೆ. ಈಗ ಒಬ್ಬರು ಸೈಲೆನ್ಸರ್ ನೋಡಬೇಕು. ಬಿಳಿ ಹೊಗೆ, ಡೀಸೆಲ್ ವಾಸನೆ ಬಂದರೆ ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ.

ಡೀಸೆಲ್ ತಲುಪದಿದ್ದಾಗ ಮೊದಲು ಟ್ಯಾಂಕ್ ನೋಡಬೇಕು. ಮುಳ್ಳು ಸುಳ್ಳು ಹೇಳುವುದುಂಟು. ಇಳಿಜಾರಿನಲ್ಲಿ ನಿಂತ ಗಾಡಿಯಲ್ಲಿ ಸ್ವಲ್ಪವೇ ಡೀಸೆಲ್ ಇದ್ದರೆ ಪೈಪಿಗೆ ಸಿಗುವುದಿಲ್ಲ. ಒಮ್ಮೆ ಟ್ಯಾಂಕ್ ಬರಿದಾದರೆ ಅಥವಾ ಫಿಲ್ಟರ್ ಬದಲಿಸಿದರೆ ಪೈಪಿನಲ್ಲಿ 'ಏರ್ ಹಿಡಿಯುತ್ತದೆ'. ಹಳೆಯ ಪಂಪಿನ ಗಾಡಿಗಳಲ್ಲಿ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಕೈಪಂಪ್ ಒತ್ತುತ್ತಾ ಹೋಗಬೇಕು. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿ ಮಾಡಬೇಕು. ಸ್ಟಾರ್ಟ್ ಆಗಿ ಕೆಲವೇ ಕ್ಷಣಗಳಲ್ಲಿ ನಿಂತುಹೋಗುವ ಗಾಡಿಯಲ್ಲಿಯೂ ಏರ್ ಅಥವಾ ಕಟ್ಟಿಕೊಂಡ ಫಿಲ್ಟರ್ ಕಾರಣವಾಗಿರುತ್ತದೆ.

ಇಂಥ ಗಾಡಿಗಳ ಡೀಸೆಲ್ ಪಂಪ್ ಮೇಲೆ ಒಂದು ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅಲ್ಲಿಂದ ಸಣ್ಣ 'ಟಕ್' ಸದ್ದು ಬರಬೇಕು. ಅದರ ವೈರ್ ಕಳಚಿದ್ದರೆ ಡೀಸೆಲ್ ದಾರಿ ಮುಚ್ಚಿಯೇ ಇರುತ್ತದೆ.

ಮಳೆಗಾಲದಲ್ಲಿ ಡೀಸೆಲ್‌ಗೆ ನೀರು ಸೇರುವುದು ಇನ್ನೊಂದು ತೊಂದರೆ. ಕ್ಯಾನ್‌ನಲ್ಲಿ ತಂದಿಟ್ಟ ಡೀಸೆಲ್ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನೀರು ಭಾರವಾದ್ದರಿಂದ ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ಕೆಳಗಿನ ಸ್ಕ್ರೂ ತಿರುಗಿಸಿ, ಸ್ವಚ್ಛ ಡೀಸೆಲ್ ಬರುವವರೆಗೆ ಹೊರಬಿಡಬೇಕು.

ಬಿಳಿ ಹೊಗೆ ಬಂದರೂ ಸ್ಟಾರ್ಟ್ ಆಗದಿದ್ದರೆ, ಅದರಲ್ಲೂ ಚಳಿಯಲ್ಲಿ, ಹೀಟರ್ ಪ್ಲಗ್ ಇರುವ ಗಾಡಿಗಳಲ್ಲಿ ಅದನ್ನು ಪರೀಕ್ಷಿಸಬೇಕು. ಕೀ ಆನ್ ಮಾಡಿದಾಗ ಸುರುಳಿ ಆಕಾರದ ಹಳದಿ ದೀಪ ಆರುವವರೆಗೆ ಕಾಯದೆ ಸೆಲ್ಫ್ ಹೊಡೆಯುವುದು ಅನೇಕರ ಅಭ್ಯಾಸ. 2005ರಲ್ಲಿ ಬಂದ ಟಾಟಾ ಏಸ್, ಅಂದರೆ ಎಲ್ಲರ ಬಾಯಲ್ಲಿರುವ 'ಛೋಟಾ ಹಾಥಿ', 702 ಸಿಸಿಯ ಎರಡು ಸಿಲಿಂಡರಿನ ಗಾಡಿ. ಇಂಥ ಸಣ್ಣ ಎಂಜಿನ್‌ಗಳಿಗೆ ಚಳಿಯಲ್ಲಿ ಆ ಕೆಲವು ಸೆಕೆಂಡುಗಳ ಶಾಖ ಮುಖ್ಯ. ಇಲ್ಲಿಯ ಚಳಿಗೆ ಡೀಸೆಲ್ ಹೆಪ್ಪುಗಟ್ಟುವುದು ಅಪರೂಪ. ಆದ್ದರಿಂದ ಟ್ಯಾಂಕ್ ಅಥವಾ ಎಂಜಿನ್ ಕೆಳಗೆ ಬೆಂಕಿ ಹಾಕುವ ಸಾಹಸ ಬೇಕಿಲ್ಲ.

ಹೊಸ ಗಾಡಿಗಳ ಮಾತು ಬೇರೆ

ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಿದೆ. ಕಾಮನ್ ರೈಲ್ ಇರುವ ಹೊಸ ಪಿಕಪ್‌ಗಳಲ್ಲಿ ಡೀಸೆಲ್ ಯಾವಾಗ, ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್. ಎಂಜಿನ್ ತಿರುಗುವುದನ್ನು ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೆ, ಮಿಕ್ಕೆಲ್ಲ ಸರಿಯಿದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೀಲಿ ಗುರುತಿನ ದೀಪ ಮಿನುಗುತ್ತಿದ್ದರೆ ಇಮೊಬಿಲೈಸರ್ ಕೀಯನ್ನು ಗುರುತಿಸಿಲ್ಲ. ಎರಡನೇ ಕೀ ಇದ್ದರೆ ಹಾಕಿ ನೋಡಬಹುದು.

ಇಂಥ ಗಾಡಿಗಳಲ್ಲಿ ಎಂಜಿನ್ ಮೇಲಿನ ಉಕ್ಕಿನ ಡೀಸೆಲ್ ಪೈಪುಗಳ ನಟ್ ಸಡಿಲಿಸಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೋಗಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈ ತಪ್ಪುಗಳು ಬೇಡ

ಸೆಲ್ಫ್‌ನ ಎರಡು ಬೋಲ್ಟ್‌ಗಳಿಗೆ ಪಾನಾ ತಾಗಿಸಿ ಸ್ಟಾರ್ಟ್ ಮಾಡುವುದು ಅತ್ಯಂತ ಅಪಾಯಕಾರಿ. ಗಾಡಿ ಗೇರಿನಲ್ಲಿದ್ದರೆ ಮುಂದಕ್ಕೆ ಜಿಗಿದು ಎದುರಿಗಿದ್ದವರ ಮೇಲೆ ಹರಿಯುತ್ತದೆ.

ಬೇರೆ ಗಾಡಿಯಿಂದ ವೈರ್ ಹಾಕಿ ಸ್ಟಾರ್ಟ್ ಮಾಡುವಾಗ ಆ ಗಾಡಿಯೂ 12 ವೋಲ್ಟ್‌ನದ್ದೇ ಆಗಿರಬೇಕು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಅದನ್ನು ಕೊಟ್ಟರೆ ಪಿಕಪ್‌ನ ಕಂಪ್ಯೂಟರ್ ಸುಟ್ಟುಹೋಗಬಹುದು. ಪ್ಲಸ್‌ಗೆ ಪ್ಲಸ್ ಜೋಡಿಸಿದ ಬಳಿಕ, ಮೈನಸ್ ವೈರಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಗೆ, ಇನ್ನೊಂದನ್ನು ನಿಂತ ಗಾಡಿಯ ಎಂಜಿನ್ ಲೋಹಕ್ಕೆ ಬ್ಯಾಟರಿಯಿಂದ ದೂರ ಕೊಡಬೇಕು. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲಕ್ಕೆ ಒಂದು ಕಿಡಿ ಸಾಕು. ಅಲ್ಲಿ ಬೀಡಿ, ಕಡ್ಡಿಪೆಟ್ಟಿಗೆ ಸಲ್ಲದು.

ಚೀಲ ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡುವುದೂ ಬೇಡ. ಎಂಜಿನ್ ನಿಂತಿರುವಾಗ ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪವರ್ ಸ್ಟೀರಿಂಗ್ ಕೂಡ ಭಾರವಾಗುತ್ತದೆ. ಬ್ಯಾಟರಿ ಪೂರ್ತಿ ಸತ್ತ ಹೊಸ ಗಾಡಿಯನ್ನು ಎಷ್ಟು ತಳ್ಳಿದರೂ ಕಂಪ್ಯೂಟರ್‌ಗೆ ವಿದ್ಯುತ್ ಇಲ್ಲದೆ ಅದು ಸ್ಟಾರ್ಟ್ ಆಗುವುದಿಲ್ಲ.

ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಂತೆ ಹೊಡೆದು, ಒಂದು ನಿಮಿಷ ಬಿಡುವು ಕೊಡಬೇಕು. ಮೂರು ಪ್ರಯತ್ನಕ್ಕೂ ಆಗದಿದ್ದರೆ ನಿಲ್ಲಿಸಿ ಕಾರಣ ಹುಡುಕುವುದೇ ಲೇಸು.

ಮಿಸ್ತ್ರಿಗೆ ಹೇಳಬೇಕಾದದ್ದು

'ಗಾಡಿ ಸ್ಟಾರ್ಟ್ ಆಗ್ತಿಲ್ಲ' ಎಂದಷ್ಟೇ ಫೋನಿನಲ್ಲಿ ಹೇಳಿದರೆ ಮಿಸ್ತ್ರಿ ಯಾವ ಸಾಮಾನು ತರಬೇಕು? ದೀಪ ಬರುತ್ತಿದೆಯೇ, ಸದ್ದು ಎಂಥದ್ದು, ಎಂಜಿನ್ ತಿರುಗುತ್ತದೆಯೇ, ಹೊಗೆ ಇದೆಯೇ, ಹಿಂದಿನ ದಿನ ಏನು ಕೆಲಸ ಮಾಡಿಸಲಾಗಿತ್ತು, ಈ ಐದು ಸಂಗತಿ ಹೇಳಿದರೆ ಆತ ಎಲೆಕ್ಟ್ರಿಷಿಯನ್‌ನನ್ನು ಕರೆತರಬೇಕೋ ಫಿಲ್ಟರ್ ತರಬೇಕೋ ಎಂದು ಹೊರಡುವ ಮೊದಲೇ ತೀರ್ಮಾನಿಸಬಹುದು. ಹಳ್ಳಿಗೆ ಎರಡು ಸಲ ಬಂದುಹೋಗುವ ಖರ್ಚು ಉಳಿಯುತ್ತದೆ.

ಇನ್ನೂ ಒಳ್ಳೆಯದೆಂದರೆ, ಮಾಲು ತುಂಬುವ ಹಿಂದಿನ ಸಂಜೆಯೇ ಒಮ್ಮೆ ಸ್ಟಾರ್ಟ್ ಮಾಡಿ ನೋಡುವುದು. ಎಂಜಿನ್ ಎಂದಿಗಿಂತ ನಿಧಾನ ತಿರುಗಿದರೆ ಟರ್ಮಿನಲ್ ತೊಳೆಯಲು, ಬ್ಯಾಟರಿ ಚಾರ್ಜ್‌ಗೆ ಇಡಲು ಆಗ ರಾತ್ರಿಯಿಡೀ ಸಮಯವಿರುತ್ತದೆ. ನಸುಕಿನ ನಾಲ್ಕು ಗಂಟೆಗೆ ಅಂಗಡಿಯೂ ತೆರೆದಿರುವುದಿಲ್ಲ, ಮಿಸ್ತ್ರಿಯೂ ಸಿಗುವುದಿಲ್ಲ.