ಕುತ್ತಿಗೆಯಲ್ಲಿ ಗಂಟು: ಥೈರಾಯ್ಡ್ ಟೆಸ್ಟ್ ನಾರ್ಮಲ್ ಬಂದ್ರೂ ಸ್ಕ್ಯಾನಿಂಗ್ ಯಾಕೆ ಬೇಕು?

ಸರ ಹಾಕಿಕೊಳ್ಳುವಾಗಲೋ, ಶೇವಿಂಗ್ ಮಾಡುವಾಗಲೋ ಕುತ್ತಿಗೆಯ ಮುಂಭಾಗದಲ್ಲಿ ಗಂಟೊಂದು ಕೈಗೆ ಸಿಗುತ್ತೆ. ಲ್ಯಾಬ್‌ಗೆ ಹೋಗಿ ಥೈರಾಯ್ಡ್ ಟೆಸ್ಟ್ ಮಾಡಿಸ್ತಾರೆ. ರಿಪೋರ್ಟ್ ನಾರ್ಮಲ್ ಅಂತ ಬಂದರೆ ಚೀಟಿ ಬೀರು ಸೇರುತ್ತೆ, ವಿಷಯ ಮರೆತೇ ಹೋಗುತ್ತೆ. ಎಡವಟ್ಟಾಗೋದು ಇಲ್ಲೇ.

ಟಿಎಸ್‌ಎಚ್ ರಕ್ತಪರೀಕ್ಷೆ ಹೇಳೋದು ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿದೆಯಾ ಅನ್ನೋದನ್ನ ಮಾತ್ರ. ಗಂಟು ಎಂಥದ್ದು ಅಂತ ಅದು ಹೇಳೋದಿಲ್ಲ. ವ್ಯಾಪಾರ ಚೆನ್ನಾಗಿದೆ ಅಂದ ಮಾತ್ರಕ್ಕೆ ಗೋಡೌನ್‌ನಲ್ಲಿ ಹೆಗ್ಗಣ ಇಲ್ಲ ಅಂತ ಅರ್ಥವಲ್ಲವಲ್ಲ! ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನವರಲ್ಲೂ ಈ ರಿಪೋರ್ಟ್ ನಾರ್ಮಲ್ಲಾಗೇ ಇರುತ್ತದೆ.

ಹಾಗಂತ ಹೆದರಿ ಊಟ ಬಿಡಬೇಕಾಗಿಲ್ಲ. ಅಯೋಡಿನ್ ಕೊರತೆ ಇಲ್ಲದ ಕಡೆಗಳಲ್ಲೂ 100 ಹೆಂಗಸರಲ್ಲಿ ಸುಮಾರು 5 ಜನಕ್ಕೆ, 100 ಗಂಡಸರಲ್ಲಿ ಒಬ್ಬರಿಗೆ ಕೈಗೆ ಸಿಗುವಂಥ ಗಂಟು ಇರುತ್ತದೆ. ಇಂಥ ಗಂಟುಗಳಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಕ್ಯಾನ್ಸರ್ ಅಲ್ಲವೇ ಅಲ್ಲ. ಉಳಿದದ್ದನ್ನ ಹುಡುಕಿ ತೆಗೆಯೋದಕ್ಕೇ ಸ್ಕ್ಯಾನಿಂಗ್ ಬೇಕು.

ಟಿಎಸ್‌ಎಚ್ ತೀರಾ ಕಮ್ಮಿ ಬಂದರೆ ದಾರಿ ಬೇರೆ. ಗಂಟೇ ಹಾರ್ಮೋನ್ ಸುರಿಸ್ತಿದೆಯಾ ಅಂತ ದೊಡ್ಡಾಸ್ಪತ್ರೆಯಲ್ಲಿ ಇನ್ನೊಂದು ಬಗೆಯ ಸ್ಕ್ಯಾನ್ ಮಾಡಿ ನೋಡ್ತಾರೆ. ಅಂಥ ಗಂಟು ಕ್ಯಾನ್ಸರ್ ಆಗಿರೋದು ಅಪರೂಪ. ನಾರ್ಮಲ್ ಅಥವಾ ಜಾಸ್ತಿ ಬಂದವರಿಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಸಾಕು.

ಆ ರಿಪೋರ್ಟಿನ ಕೊನೆಯಲ್ಲಿ ಸಾಮಾನ್ಯವಾಗಿ 'ಟೈರಾಡ್ಸ್' ಅಂತ 1ರಿಂದ 5ರವರೆಗಿನ ಒಂದು ನಂಬರ್ ಇರುತ್ತೆ. ಗಂಟಿನ ಬಣ್ಣ, ಅಂಚು, ಆಕಾರ, ಒಳಗಿನ ಸುಣ್ಣದ ಚುಕ್ಕಿ ನೋಡಿ ಕೊಡುವ ಮಾರ್ಕ್ಸ್ ಅದು. 1, 2 ಬಂದರೆ ಸೂಜಿ ಪರೀಕ್ಷೆ ಬೇಕಾಗಲ್ಲ. 3 ಇದ್ದರೆ ಗಂಟು ಎರಡೂವರೆ ಸೆಂಟಿಮೀಟರ್ ದಾಟಿರಬೇಕು, 4 ಇದ್ದರೆ ಒಂದೂವರೆ, 5 ಇದ್ದರೆ ಒಂದೇ ಸೆಂಟಿಮೀಟರ್ ಸಾಕು, ಸೂಜಿ ಹಾಕ್ತಾರೆ. ಅಂದರೆ ದೊಡ್ಡ ಗಂಟೇ ಅಪಾಯ, ಸಣ್ಣದು ಸೇಫ್ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತು ಊರೂರಲ್ಲೂ ಇದೆ. ಈ ಭಯಕ್ಕೇ ಎಷ್ಟೋ ಜನ ಪರೀಕ್ಷೆ ಮುಂದೂಡ್ತಾರೆ. ಎಫ್‌ಎನ್‌ಎಸಿಯಲ್ಲಿ ಬಳಸೋದು ರಕ್ತ ತೆಗೆಯುವ ಸೂಜಿಯಷ್ಟೇ ಅಥವಾ ಅದಕ್ಕಿಂತ ಸಪೂರ ಸೂಜಿ. ಅದರಿಂದ ಹರಡೋದು ಅತ್ಯಂತ ಅಪರೂಪ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಮಾತ್ರ ಮೊದಲೇ ಹೇಳಬೇಕು.

ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ ಇನ್ನೊಂದು ನಂಬರ್: 'ಬೆಥೆಸ್ಡಾ', 1ರಿಂದ 6. ಇಲ್ಲಿ 1 ಅಂದರೆ 'ಏನೂ ಇಲ್ಲ' ಅಂತ ತಿಳಿದುಕೊಳ್ಳಬಾರದು. ಸ್ಯಾಂಪಲ್ ಸಾಲಲಿಲ್ಲ, ಮತ್ತೆ ಮಾಡಬೇಕು ಅಂತ ಅರ್ಥ. ನೆಮ್ಮದಿಯ ನಂಬರ್ 2. 3 ಮತ್ತು 4 ಅನುಮಾನದವು, 5 ಬಲವಾದ ಅನುಮಾನ, 6 ಕ್ಯಾನ್ಸರ್.

2 ಬಂದರೆ ಆಪರೇಷನ್‌ಗೆ ಓಡಬೇಕಾಗಿಲ್ಲ. ಡಾಕ್ಟರ್ ಹೇಳಿದಂತೆ ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಸ್ಕ್ಯಾನಿಂಗ್. ಹಳೇ ರಿಪೋರ್ಟ್ ಜೋಪಾನವಾಗಿಡಿ, ಅದಿಲ್ಲದೆ ಗಂಟು ಬೆಳೆದಿದೆಯಾ ಅಂತ ಹೋಲಿಸೋದು ಕಷ್ಟ. ಗಂಟು ಕರಗಲಿ ಅಂತ ಥೈರಾಯ್ಡ್ ಮಾತ್ರೆ ಕೊಡುವ ಹಳೇ ಪದ್ಧತಿಯನ್ನೂ ಈಗ ಸಾಮಾನ್ಯವಾಗಿ ಅನುಸರಿಸಲ್ಲ.

ಆಪರೇಷನ್ ಬೇಕೇ ಬೇಕು ಅಂದರೆ ಕೇಳಲೇಬೇಕಾದ ಪ್ರಶ್ನೆ: ಅರ್ಧ ಗ್ರಂಥಿಯಾ, ಪೂರ್ತಿಯಾ? ಪೂರ್ತಿ ತೆಗೆದರೆ ಜೀವನಪರ್ಯಂತ ಮಾತ್ರೆ. ಧ್ವನಿಯ ನರಕ್ಕೆ ಪೆಟ್ಟು ಬೀಳುವ, ಕ್ಯಾಲ್ಸಿಯಂ ಇಳಿಯುವ ರಿಸ್ಕ್ ಕೂಡ ಇದೆ. ಹೆಚ್ಚಾಗಿ ಕಾಣುವ ಪ್ಯಾಪಿಲರಿ ಕ್ಯಾನ್ಸರ್ ನಿಧಾನದ್ದು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಜಪಾನಿನ ಕುಮಾ ಆಸ್ಪತ್ರೆಯಲ್ಲಿ 1993ರಿಂದಲೇ ಒಂದು ಸೆಂಟಿಮೀಟರ್ ಒಳಗಿನ ಇಂಥ ಕ್ಯಾನ್ಸರನ್ನು ಆಪರೇಷನ್ ಮಾಡದೆ, ನಿಗಾದಲ್ಲಿಟ್ಟು ನೋಡುವ ಕ್ರಮ ಇದೆ.

ಕಾಯಬಾರದವರೂ ಇದ್ದಾರೆ. ಧ್ವನಿ ಒಡೆದು ಸರಿಹೋಗದವರು, ನುಂಗಲು, ಉಸಿರಾಡಲು ಕಷ್ಟ ಆಗುವವರು, ಗಂಟು ಕೆಲವೇ ವಾರಗಳಲ್ಲಿ ದೊಡ್ಡದಾಗ್ತಿರುವವರು, ಮನೆಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಆದವರಿದ್ದರೆ ಅವರು, ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್ ಆದವರು, ಗಂಟಿರುವ ಮಕ್ಕಳು. ಇವರು ಟಿಎಸ್‌ಎಚ್ ಎಷ್ಟೇ ಬಂದಿರಲಿ, ತಡಮಾಡದೆ ತಾಲೂಕು ಆಸ್ಪತ್ರೆಯಲ್ಲಿ ತೋರಿಸಬೇಕು. ಆಯುಷ್ಮಾನ್ ಕಾರ್ಡ್ ಇದ್ದವರು ಮುಂದಿನ ಆಸ್ಪತ್ರೆಗೆ ಬೇಕಾದ ರೆಫರಲ್ ಚೀಟಿಯನ್ನೂ ಅಲ್ಲೇ ಕೇಳಿ ಪಡೆಯಬಹುದು.