ಜಲಸಸ್ಯಗಳಿರುವ ಅಕ್ವೇರಿಯಂ: ಸಿಗಡಿಗಳಿಗೆ ಅಪಾಯವಾಗದಂತೆ ಇಂಗಾಲದ ಡೈಆಕ್ಸೈಡ್ ನಿರ್ವಹಣೆ

ಜಲಸಸ್ಯಗಳ ಬೆಳವಣಿಗೆಗಾಗಿ ಅಕ್ವೇರಿಯಂಗೆ ಹಾಯಿಸುವ ಇಂಗಾಲದ ಡೈಆಕ್ಸೈಡ್ ಮಿತಿಮೀರಿದಲ್ಲಿ ಸಿಗಡಿಗಳ ದೇಹದ್ರವದ ಆಮ್ಲೀಯತೆ ಹೆಚ್ಚಿ ಅವು ಸಾಯಬಹುದು. ಸಸ್ಯಗಳು ಈ ಅನಿಲವನ್ನು ಬೆಳಕಿನಲ್ಲಿ ಬಳಸಿಕೊಳ್ಳುತ್ತವೆ. ಕತ್ತಲಲ್ಲಿ ಉಸಿರಾಟದ ಮೂಲಕ ಹೊರಬಿಡುತ್ತವೆ. ಆದ್ದರಿಂದ ದೀಪ ಆರಿಸುವುದಕ್ಕೆ ಸುಮಾರು 1 ಗಂಟೆ ಮೊದಲೇ ಅನಿಲ ಪೂರೈಕೆಯನ್ನು ನಿಲ್ಲಿಸಬೇಕು. ರಾತ್ರಿ ಏರ್ ಪಂಪ್ ಮೂಲಕ ಗಾಳಿ ಒದಗಿಸುವುದು ಉತ್ತಮ.

4 ಡಿಗ್ರಿ ಕಾರ್ಬೊನೇಟ್ ಗಡಸುತನದ ದ್ರಾವಣವಿರುವ ಡ್ರಾಪ್ ಚೆಕರ್ ಹಸಿರಾಗಿದ್ದರೆ ಅನಿಲದ ಪ್ರಮಾಣ ಲೀಟರಿಗೆ ಸುಮಾರು 30 ಮಿ.ಗ್ರಾಂ. ಎಂದರ್ಥ, ಹಳದಿ ಬಣ್ಣ ಅಪಾಯದ ಸೂಚನೆ. ಸಿಗಡಿಗಳಿದ್ದಲ್ಲಿ 15-20 ಮಿ.ಗ್ರಾಂ. ಸಾಕು. ಆದರೆ ಈ ಬಣ್ಣ ಬದಲಾಗಲು 1-2 ಗಂಟೆ ಹಿಡಿಯುತ್ತದೆ. ಸಿಗಡಿಗಳು ಮೇಯುವುದನ್ನು ಬಿಟ್ಟು ನಿಶ್ಚಲವಾದರೆ ಅಥವಾ ಮೇಲ್ಮೈಗೆ ಏರಿದರೆ ಬಣ್ಣಕ್ಕಾಗಿ ಕಾಯದೆ, ಕೂಡಲೇ ಅನಿಲ ನಿಲ್ಲಿಸಿ ಏರ್ ಪಂಪ್ ಚಾಲನೆ ಮಾಡಬೇಕು.